ನೇತ್ರಾಣಿಯ ಹವಳಕ್ಕೆ ಲಂಗರು ಬೇಡ



ರಜೆ ಬಂತೆಂದರೆ ಶಹಾಪುರ, ಖಾನಾಪುರ ಕಡೆಯವರು ಗೋವಾಕ್ಕೆ ಹೋಗುವುದು ರೂಢಿ. ಈಚೆಗೆ ನಮ್ಮ ಹುಡುಗರು ಮುರ್ಡೇಶ್ವರದತ್ತಲೂ ಮುಖ ಮಾಡಿದ್ದಾರೆ. ಅಲ್ಲಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ನೇತ್ರಾಣಿ ದ್ವೀಪದ ಸ್ಕೂಬಾ ಡೈವಿಂಗ್, ಪುನೀತ್ ರಾಜಕುಮಾರ್ ಅವರ ‘ಗಂಧದಗುಡಿ’ (2022) ಚಿತ್ರ ಬಂದ ಮೇಲಂತೂ ಮನೆಮಾತಾಗಿದೆ.

ಈ ಸಲ ಮಕ್ಕಳೊಂದಿಗೆ ನಾನೂ ನೀರಿಗಿಳಿದೆ. ಈಜು ಬಾರದವರನ್ನೂ ತರಬೇತುದಾರರು ಕೈಹಿಡಿದು ಕರೆದೊಯ್ಯುತ್ತಾರೆ. ಕೆಳಗಿಳಿದಂತೆ ಕಿವಿ ಒತ್ತುತ್ತದೆ. ಮೂಗು ಹಿಡಿದು ಮೆಲ್ಲಗೆ ಗಾಳಿ ಊದಿದರೆ ಸರಿಹೋಗುತ್ತದೆ. ಹವಳದ ಸಂದಿಗಳಲ್ಲಿ ಗಿಳಿಮೀನು, ಚಿಟ್ಟೆಮೀನುಗಳ ಓಡಾಟ ಕಣ್ತುಂಬಿತು. ಆದರೆ ಅಲ್ಲೇ ಒಂದು ದೋಣಿಯ ಲಂಗರು ಹವಳದ ಮೇಲೆ ಬಿದ್ದಿತ್ತು. ಅಲೆಗೆ ಹಗ್ಗ ಜಗ್ಗಿದಾಗಲೆಲ್ಲ ಹವಳದ ಚೂರುಗಳು ಕಿತ್ತು ಬರುತ್ತಿದ್ದವು. ನೋಡಿ ಸಂಕಟವಾಯಿತು.

ಹವಳ ಕಲ್ಲಲ್ಲ, ಅತಿ ನಿಧಾನವಾಗಿ ಬೆಳೆಯುವ ಜೀವಿಗಳ ಸಮೂಹ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಅದಕ್ಕಿದೆ. ಡೈವಿಂಗ್ ನಡೆಯುವ ಪ್ರತಿ ಜಾಗದಲ್ಲೂ ತಳಕ್ಕೆ ಬಿಗಿದ ಕಾಯಂ ಬೋಯಾಗಳು (ತೇಲುಗುಂಡುಗಳು) ಇದ್ದರೆ ದೋಣಿಗಳನ್ನು ಅವಕ್ಕೇ ಕಟ್ಟಬಹುದು, ಲಂಗರು ಹಾಕುವ ಅಗತ್ಯವೇ ಬೀಳದು. ಪ್ರವಾಸೋದ್ಯಮ ಮತ್ತು ಅರಣ್ಯ ಇಲಾಖೆಗಳು ಇದನ್ನು ಕಡ್ಡಾಯ ಮಾಡಬೇಕು. ಹವಳ ಮುಟ್ಟಬಾರದು, ಆಸ್ತಮಾ, ಹೃದ್ರೋಗ ಇದ್ದವರು ವೈದ್ಯರ ಒಪ್ಪಿಗೆಯಿಲ್ಲದೆ ಇಳಿಯಬಾರದು ಎಂಬ ಸೂಚನೆಗಳನ್ನು ದೋಣಿ ಹತ್ತುವ ಮೊದಲೇ ಕನ್ನಡದಲ್ಲಿ ಹೇಳಬೇಕು. ಹೊಟ್ಟೆಪಾಡಿಗೆ ಈ ಪ್ರವಾಸೋದ್ಯಮವನ್ನು ನಂಬಿದ ಕರಾವಳಿಯ ಕುಟುಂಬಗಳ ಹಿತವೂ ಹವಳ ಉಳಿಯುವುದರಲ್ಲೇ ಇದೆ. ಮುಂದಿನ ಹಂಗಾಮಿನೊಳಗೆ ಕ್ರಮ ಕೈಗೊಳ್ಳಲಿ.

— ಒಬ್ಬ ಪಾಲಕ, ಶಹಾಪುರ, ಬೆಳಗಾವಿ