ಚಿಟ್ಟೆಯ ದಾರಿ, ಹಾವಸೆಯ ದಾರಿ

ನಮ್ಮ ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ಅಕ್ಟೋಬರ್-ನವೆಂಬರ್ ಬಂತೆಂದರೆ ಎರಡು ಜೀವಗಳು ಒಟ್ಟಿಗೇ ಕಣ್ಣಿಗೆ ಬೀಳುತ್ತವೆ. ಒಂದು, ಕಪ್ಪು ರೆಕ್ಕೆಯ ಮೇಲೆ ತಿಳಿನೀಲಿ ಗುರುತುಗಳಿರುವ ಡಾರ್ಕ್ ಬ್ಲೂ ಟೈಗರ್ ಚಿಟ್ಟೆ. ಇನ್ನೊಂದು, ಕಾಂಪೌಂಡ್ ಗೋಡೆಯ ಹಾವಸೆ. ಚಿಟ್ಟೆ ಬಂದರೆ ಮೊಮ್ಮಕ್ಕಳನ್ನು ಕರೆದು ತೋರಿಸುತ್ತೇವೆ. ಹಾವಸೆಯನ್ನು ದೀಪಾವಳಿಯ ಸುಣ್ಣಕ್ಕೆ ಮುಂಚೆ ಕೆರೆದು ಬಿಸಾಡುತ್ತೇವೆ.

ಈ ಚಿಟ್ಟೆಯ ಮರಿಹುಳು ತಿನ್ನುವುದು ಎಕ್ಕದ ಕುಲಕ್ಕೆ ಸೇರಿದ, ಹಾಲು ಬರುವ ಬಳ್ಳಿಯನ್ನು. ಮೈಯಲ್ಲಿ ವಿಷವಿರುವುದರಿಂದ ಹಕ್ಕಿಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಮುಂಗಾರಿಗೆ ಮೊದಲು ಪಶ್ಚಿಮ ಘಟ್ಟ ಬಿಟ್ಟು ಪೂರ್ವದ ಬೆಟ್ಟಗಳ ಕಡೆ ಹೋಗಿ, ಹಿಂಗಾರಿನ ಹೊತ್ತಿಗೆ ಆನೆಮಲೆ, ನೀಲಗಿರಿಗಳತ್ತ ಗುಂಪಾಗಿ ಬರುತ್ತವೆ. ಹೋದವೇ ಮರಳುತ್ತವೆಂದಲ್ಲ, ಅವುಗಳ ಸಂತಾನ ಮರಳುತ್ತದೆ. ಹೆದ್ದಾರಿಯಲ್ಲಿ ಲಾರಿ, ಬಸ್ಸುಗಳ ಗಾಜಿಗೆ ಬಡಿದು ಸಾಯುವುದೂ ಉಂಟು.

ಹಾವಸೆಯ ವಿಚಾರ ಬೇರೆ. ನಾವು ಎಲ್ಲವನ್ನೂ ಪಾಚಿ ಎಂದುಬಿಡುತ್ತೇವೆ. ಕೆರೆಯ ಪಾಚಿಗೆ ಎಲೆಯಿಲ್ಲ. ಹಾವಸೆಗೆ ಪುಟ್ಟ ದಂಟೂ ಎಲೆಯೂ ಇವೆ, ನಿಜವಾದ ಬೇರು ಮಾತ್ರ ಇಲ್ಲ. ಬ್ರಯಮ್ ಅರ್ಜೆಂಟಿಯಮ್ ಎಂಬ ಜಾತಿಯನ್ನೇ ನೋಡಿ. ತುದಿಯಲ್ಲಿ ಹಸಿರು ಇರದೆ ಬೆಳ್ಳಿಯಂತೆ ಹೊಳೆಯುತ್ತದೆ. ಗಾರೆ, ತಾರಸಿ, ಕಲ್ಲಿನ ಸಂದು ಸಾಕು. ನೀರನ್ನು ಎಲೆಯಿಂದಲೇ ಹೀರುತ್ತದೆ. ಬಿಸಿಲಿಗೆ ಒಣಗಿ ಧೂಳಾದಂತೆ ಕಂಡರೂ ಸತ್ತಿರುವುದಿಲ್ಲ, ಒಂದು ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಧೂಳಿನಷ್ಟು ಸಣ್ಣ ಬೀಜಕಗಳು ಗಾಳಿಯಲ್ಲಿ ಹೋಗುತ್ತವೆ. ಅಂಟಾರ್ಕ್ಟಿಕದ ಹಿಮಭೂಮಿಯೂ ಸೇರಿ ಎಲ್ಲ ಖಂಡಗಳಲ್ಲೂ ಇದಿದೆ! ರೆಕ್ಕೆಯಿರುವ ಚಿಟ್ಟೆಗೆ ಆ ಭಾಗ್ಯವಿಲ್ಲ.

ಶಾಸ್ತ್ರದ ಲೆಕ್ಕದಲ್ಲಿ ಚಿಟ್ಟೆ ಚತುರಿಂದ್ರಿಯ, ಹಾವಸೆ ಏಕೇಂದ್ರಿಯ. ಇಂದ್ರಿಯ ಕಡಿಮೆಯೆಂದು ಲೆಕ್ಕಕ್ಕಿಲ್ಲದ ಜೀವವಲ್ಲ. ಚಾತುರ್ಮಾಸದಲ್ಲಿ ಮುನಿಗಳು ವಿಹಾರ ನಿಲ್ಲಿಸುವುದು ನೆಲದ ಮೇಲಿನ ಇಂಥ ಸಣ್ಣ ಜೀವಗಳಿಗಾಗಿಯೇ ಅಲ್ಲವೆ?

ಹಾಗೆಂದು ಬಚ್ಚಲ ಮೆಟ್ಟಿಲ ಮೇಲೆ ಬೆಳೆಯಲು ಬಿಟ್ಟರೆ ಮನೆಯ ಹಿರಿಯರು ಜಾರಿ ಬಿದ್ದು ಸೊಂಟ ಮುರಿದುಕೊಂಡಾರು. ಪ್ರತಿ ವಾರ ಬ್ಲೀಚಿಂಗ್ ಪುಡಿ ಸುರಿಯುವ ಮನೆಗಳನ್ನು ನಾನು ಕಂಡಿದ್ದೇನೆ. ಸೋರುವ ನಲ್ಲಿಯನ್ನು ಮಾತ್ರ ಯಾರೂ ರಿಪೇರಿ ಮಾಡಿಸಿರುವುದಿಲ್ಲ. ವಾಷರ್ ಬದಲಿಸಿ, ನೀರು ನಿಲ್ಲದಂತೆ ಇಳಿಜಾರು ಮಾಡಿಸಿದರೆ ಹಾವಸೆ ಅಲ್ಲಿ ಹುಟ್ಟುವುದೇ ಕಡಿಮೆಯಾಗುತ್ತದೆ, ಕೊಲ್ಲುವ ಪ್ರಮೇಯವೂ ಬರುವುದಿಲ್ಲ. ಯಾರೂ ಕಾಲಿಡದ ಹಿತ್ತಲ ಗೋಡೆಯನ್ನು ಈ ಸಲ ಕೆರೆಯದೆ ಬಿಡಿ. ಭೂತಗನ್ನಡಿ ಹಿಡಿದು ನೋಡಿದರೆ ಮಕ್ಕಳಿಗೆ ಅಲ್ಲೊಂದು ಪುಟ್ಟ ಕಾಡೇ ಕಾಣುತ್ತದೆ.