ಕೊಠಡಿವಾಸಿಯ ಶರತ್ಕಾಲ

ಊರು ಬಿಟ್ಟು ಓದಲು ಹೋದ ಹುಡುಗ ಬಿಡುವಿನ ವೇಳೆಯಲ್ಲಿ ಏನು ಮಾಡುತ್ತಾನೆ ಎಂಬ ಪ್ರಶ್ನೆ ತಂದೆತಾಯಿಗಳನ್ನು ಬಹುಕಾಲದಿಂದ ಕಾಡುತ್ತ ಬಂದಿದೆ. ಓದುತ್ತೇನೆ ಎಂದು ಮಗ ಹೇಳುತ್ತಾನೆ. ಅಲೆಯುತ್ತಾನೆ ಎಂದು ಕಂಡವರು ಹೇಳುತ್ತಾರೆ. ಎರಡು ಮಾತುಗಳಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಆದರೆ ಈ ಅಲೆದಾಟ, ಹರಟೆ, ನಗೆ, ದೋಸೆಯ ಅಂಗಡಿಯ ಮುಂದೆ ಕಾಯುತ್ತ ನಿಲ್ಲುವುದು ಇವೆಲ್ಲವೂ ಓದಿನ ಲೆಕ್ಕದಲ್ಲಿ ನಷ್ಟದ ಬಾಬತ್ತುಗಳೆಂದು ಬರೆದುಕೊಳ್ಳುವ ಹಿರಿಯರ ಅಭಿಪ್ರಾಯವನ್ನು ನಾನು ಒಪ್ಪಲಾರೆ. ಒಂಟಿಯಾಗಿ ಕೊಠಡಿ ಹಿಡಿದಿರುವ ವಿದ್ಯಾರ್ಥಿಯನ್ನು ಪರಸ್ಥಳಕ್ಕೆ ಹೊಂದಿಸುವ ಎಳೆಗಳು ಇವೇ. ಮೈಸೂರಿನ ನಜರ್‌ಬಾದಿನಲ್ಲಿ, ಆಶ್ವಯುಜ ಮಾಸದ ಒಂದು ವಾರವನ್ನು ಗಮನಿಸಿದವರಿಗೆ ಈ ಮಾತು ಅತಿಶಯೋಕ್ತಿಯಾಗಿ ಕಾಣದು.

ನಜರು ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ನೋಟ ಎಂಬ ಅರ್ಥವೂ ಉಂಟು, ಕಾಣಿಕೆ ಎಂಬ ಅರ್ಥವೂ ಉಂಟು. ಅರಮನೆಯ ಪೂರ್ವಕ್ಕಿರುವ ಈ ಬಡಾವಣೆಯ ಚರಿತ್ರೆಯೇ ಒಂದು ವಿನೋದ. 1787ರಲ್ಲಿ ಟಿಪ್ಪು ಸುಲ್ತಾನನು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳನ್ನು ಇಲ್ಲಿಗೆ ಸಾಗಿಸಿ ಹೊಸ ಕೋಟೆಯನ್ನು ಕಟ್ಟಿಸಲಾರಂಭಿಸಿದನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಅದೇ ಕಲ್ಲುಗಳನ್ನು ಮತ್ತೆ ಹೊತ್ತು ಹಿಂದಕ್ಕೆ ಒಯ್ದು ಮೈಸೂರಿನ ಕೋಟೆಯನ್ನು ಕಟ್ಟಿದರು. ಜೂನಿನಲ್ಲಿ ಪೆಟ್ಟಿಗೆ ಹಾಸಿಗೆಗಳನ್ನು ಹೊತ್ತು ಬಂದು ಏಪ್ರಿಲಿನಲ್ಲಿ ಅವನ್ನೇ ಹೊತ್ತು ಹಿಂದಿರುಗುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಯೋಗ್ಯವಾದ ಬಡಾವಣೆ ಬೇರೊಂದಿಲ್ಲ. ಇಲ್ಲಿಗೆ ಸಮೀಪದಲ್ಲಿ 1892ರಲ್ಲಿ ಸ್ಥಾಪಿತವಾದ ಮೃಗಾಲಯವಿದೆ, ಅದಕ್ಕೆ ಹೊಂದಿಕೊಂಡಂತೆ ಕಾರಂಜಿ ಕೆರೆಯಿದೆ, ತಲೆಯೆತ್ತಿದರೆ ಚಾಮುಂಡಿ ಬೆಟ್ಟವಿದೆ. ಅಂಕಪಟ್ಟಿಯ ಚಿಂತೆಯೊಂದನ್ನು ಬಿಟ್ಟರೆ ಮನುಷ್ಯನಿಗೆ ಬೇಕಾದುದೆಲ್ಲವೂ ಇದೆ.

ಇಂಥ ಸ್ಥಳದಲ್ಲಿ ಕೊಠಡಿಯನ್ನು ದೊರಕಿಸಿಕೊಳ್ಳುವುದು ಮಾತ್ರ ಸುಲಭವಲ್ಲ. ಬಾಗಿಲಿಗೆ ಬಂದ ಬ್ರಹ್ಮಚಾರಿಗೆ ಅನ್ನವಿಕ್ಕುವುದು ಗೃಹಸ್ಥನ ಧರ್ಮವೆಂದು ನಮ್ಮ ಹಿರಿಯರು ವಿಧಿಸಿದರು. ಆದರೆ ಅದೇ ಬ್ರಹ್ಮಚಾರಿ ಬಾಡಿಗೆಯ ಮಾತೆತ್ತಿದನೆಂದರೆ ಗೃಹಸ್ಥನು ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ.

“ಸಂಸಾರವೇನಪ್ಪಾ?”

“ಇಲ್ಲ ಸಾರ್, ಓದುತ್ತಿದ್ದೇನೆ.”

“ಸ್ನೇಹಿತರು ಬಂದು ಹೋಗುವುದುಂಟೋ?”

“ನನಗೆ ಅಷ್ಟಾಗಿ ಯಾರೂ ಇಲ್ಲ ಸಾರ್.”

“ರಾತ್ರಿ ಎಷ್ಟು ಹೊತ್ತಿಗೆ ಬರುತ್ತೀಯೆ?”

“ಎಂಟು ಗಂಟೆಯ ಒಳಗೆ.”

ಸ್ನೇಹಿತರಿಲ್ಲದ, ಎಂಟು ಗಂಟೆಗೆ ಮನೆ ಸೇರುವ ತರುಣನು ಎಲ್ಲಿಯೂ ಇಲ್ಲವೆಂಬುದು ಇಬ್ಬರಿಗೂ ಗೊತ್ತು. ಆದರೂ ಈ ಪ್ರಶ್ನೋತ್ತರ ನಡೆಯಲೇಬೇಕು. ಅದು ಒಂದು ಶಿಷ್ಟಾಚಾರ. ನವರಾತ್ರಿ ಬಂದಾಗ ನಿಯಮವನ್ನು ಮೊದಲು ಮುರಿಯುವವರು ಮನೆಯ ಯಜಮಾನರೇ. ಅರಮನೆಯ ದೀಪಾಲಂಕಾರ, ವಸ್ತುಪ್ರದರ್ಶನ, ಮೊಮ್ಮಕ್ಕಳಿಗೆ ಕೊಡಿಸಬೇಕಾದ ಹಪ್ಪಳ ಎಲ್ಲವನ್ನೂ ಮುಗಿಸಿಕೊಂಡು ಅವರು ಹನ್ನೊಂದು ಗಂಟೆಗೆ ಹಿಂದಿರುಗಿದರೆ, ಎಂಟಕ್ಕೇ ಬಂದ ಹುಡುಗನು ಬೀಗ ಹಾಕಿದ ಗೇಟಿನ ಮುಂದೆ ಕುಳಿತಿರುತ್ತಾನೆ. ಆ ರಾತ್ರಿಯಿಂದ ಗೇಟಿನ ಬೀಗದ ಕೈ ಒಂದು ಅವನ ವಶಕ್ಕೂ ಬರುತ್ತದೆ.

ಶರದೃತುವೆಂದರೆ ಕಾವ್ಯಗಳಲ್ಲಿ ತಿಳಿಯಾದ ಆಕಾಶ, ಅರಳಿದ ತಾವರೆ. ಮೈಸೂರಿನ ಶರತ್ತಿನಲ್ಲಿ ಇವುಗಳ ಜೊತೆಗೆ ಹಸ್ತ, ಚಿತ್ತಾ ಮಳೆಗಳೂ ಸೇರುತ್ತವೆ. ಬೆಳಿಗ್ಗೆ ಬಿಸಿಲು ಪ್ರಾಮಾಣಿಕವಾಗಿಯೇ ಇರುತ್ತದೆ. ಸಂಜೆ ನಾಲ್ಕರ ಹೊತ್ತಿಗೆ ಬೆಟ್ಟದ ಹಿಂದಿನಿಂದ ಗುಡುಗು ಕೇಳುತ್ತದೆ. ಎರಡೇ ಅಂಗಿಗಳನ್ನು ಹೊಂದಿರುವವನಿಗೆ ಇದು ಗಂಭೀರವಾದ ವಿಷಯ. ಸೋಮವಾರ ಒಗೆದು ಹರವಿದ ಅಂಗಿಯನ್ನು ಮಳೆ ಮತ್ತೊಮ್ಮೆ ಒಗೆಯುತ್ತದೆ, ಮಂಗಳವಾರವೂ ಒಗೆಯುತ್ತದೆ. ಬುಧವಾರ ಅವನು ಒದ್ದೆಯ ಅಂಗಿಯನ್ನು ಬೆನ್ನಿನ ಮೇಲೆಯೇ ಒಣಗಿಸುತ್ತ ಸೈಕಲ್ಲಿನಲ್ಲಿ ಮಾನಸಗಂಗೋತ್ರಿಗೆ ಹೊರಡುತ್ತಾನೆ. ಸ್ವಂತ ಸೈಕಲ್ಲಿಲ್ಲದವರಿಗೆಂದು ನಗರದಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆ ಸೈಕಲ್ಲುಗಳ ವ್ಯವಸ್ಥೆ ಆರಂಭವಾಯಿತು. ಸರ್ಕಾರದ ಯೋಜನೆಗಳಿಗೆ ಇಡುವ ಹೆಸರುಗಳ ಪೈಕಿ ಉಚ್ಚರಿಸಿದೊಡನೆ ನಗು ಬರಿಸುವ ಹೆಸರು ಇದೊಂದೇ ಇರಬೇಕು.

ಮಂಗಳವಾರ ಮೃಗಾಲಯಕ್ಕೆ ವಾರದ ರಜೆ. ಸಿಂಹದ ಗರ್ಜನೆಗೆ ಆ ರಜೆ ಅನ್ವಯಿಸುವುದಿಲ್ಲ. ಬೆಳಗಿನ ಜಾವ ಆ ಧ್ವನಿಗೆ ಎಚ್ಚರಗೊಂಡು ಪುಸ್ತಕ ತೆರೆದ ವಿದ್ಯಾರ್ಥಿಗಳೂ ಇದ್ದಾರೆ, ಮುಸುಕನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡವರೂ ಇದ್ದಾರೆ. ಎರಡನೆಯ ಪಂಗಡವೇ ದೊಡ್ಡದೆಂದು ನನ್ನ ಊಹೆ.

ಇನ್ನು ದಸರೆಯ ಆನೆಗಳು. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು ಬರುವ ಅವು ಹಬ್ಬಕ್ಕೆ ಎಷ್ಟೋ ವಾರಗಳ ಮೊದಲೇ ಅರಮನೆಯನ್ನು ಸೇರಿ, ಬನ್ನಿಮಂಟಪದವರೆಗಿನ ಸುಮಾರು ಐದು ಕಿಲೋಮೀಟರ್ ದಾರಿಯನ್ನು ದಿನವೂ ನಡೆದು ಅಭ್ಯಾಸ ಮಾಡುತ್ತವೆ. 750 ಕಿಲೋಗ್ರಾಂ ತೂಕದ ಅಂಬಾರಿಯನ್ನು ಹೊರಬೇಕಾದ ಆನೆಗೆ ಮೊದಲು ಮರಳಿನ ಮೂಟೆಗಳನ್ನು ಹೊರಿಸಿ, ಭಾರವನ್ನು ಕ್ರಮವಾಗಿ ಏರಿಸುತ್ತ ಹೋಗುತ್ತಾರೆ. ಒಂದೇ ದಿನದ ಪರೀಕ್ಷೆಗೆ ತಿಂಗಳುಗಟ್ಟಲೆ ಸಿದ್ಧತೆ! ರಸ್ತೆಯ ಬದಿಯಲ್ಲಿ ನಿಂತು ಇದನ್ನು ನೋಡುವ ವಿದ್ಯಾರ್ಥಿಯ ಮುಖದಲ್ಲಿ ಒಂದು ಕ್ಷಣ ಪಶ್ಚಾತ್ತಾಪದ ಛಾಯೆ ಮೂಡಿ ಮಾಯವಾಗುತ್ತದೆ. ಆನೆಗಳನ್ನು ಲಾರಿ ತೂಗುವ ಯಂತ್ರದ ಮೇಲೆ ನಿಲ್ಲಿಸಿ ತೂಗುವ ಪದ್ಧತಿಯೂ ಇದೆ. ಬಂದಾಗ ಎಷ್ಟಿದ್ದವು, ಈಗ ಎಷ್ಟಾಗಿವೆ ಎಂಬುದು ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಹೆಸರುಕಾಳು, ಉದ್ದು, ಕುಸುಬಲಕ್ಕಿಯ ಅನ್ನ, ಬೆಣ್ಣೆ ಇಷ್ಟನ್ನೂ ತಿಂದು ಆನೆಯ ತೂಕ ಏರುತ್ತಿರುವ ಅದೇ ತಿಂಗಳಲ್ಲಿ, ಮೆಸ್ಸಿನ ಸಾರು ಕುಡಿದು ವಿದ್ಯಾರ್ಥಿಯ ತೂಕ ಇಳಿಯುತ್ತಿರುತ್ತದೆ. ಅದನ್ನು ಯಾರೂ ತೂಗುವುದಿಲ್ಲ, ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ.

ಬೆಣ್ಣೆಯ ಕೊರತೆಯನ್ನು ಅವನು ನಜರ್‌ಬಾದಿನ ಮುಖ್ಯ ರಸ್ತೆಯಲ್ಲಿ ತುಂಬಿಸಿಕೊಳ್ಳುತ್ತಾನೆ. ಅಲ್ಲಿಯ ಮೈಲಾರಿ ದೋಸೆ ನಾಡಿನಲ್ಲೆಲ್ಲ ಪ್ರಸಿದ್ಧ: ಹೂವಿನಷ್ಟು ಮೃದು, ಒಳಗೆ ಸಾಗು, ಪಕ್ಕದಲ್ಲಿ ಕಾಯಿಚಟ್ನಿ. ಮೈಲಾರಿ ಎಂಬ ಹೆಸರಿನ ಹೋಟೆಲು ಆ ರಸ್ತೆಯಲ್ಲಿ ಒಂದಲ್ಲ, ಎರಡು. ಮೂಲವು ಯಾವುದು ಎಂಬ ಚರ್ಚೆ ಗಿರಾಕಿಗಳಲ್ಲಿ ತಲೆಮಾರುಗಳಿಂದ ನಡೆದಿದೆ. ಕನ್ನಡ ಎಂ.ಎ. ಓದುವವರು ಇದನ್ನು ಗ್ರಂಥಸಂಪಾದನೆಯ ಸಮಸ್ಯೆಯಾಗಿ ಪರಿಗಣಿಸಿ, ಎರಡು ಪ್ರತಿಗಳನ್ನೂ ಕೂಲಂಕಷವಾಗಿ ಹೋಲಿಸಿ ನೋಡಿ, ಪಾಠಾಂತರಗಳು ಅತ್ಯಲ್ಪವೆಂದೂ ಸಂಶೋಧನೆ ಮುಂದುವರಿಯಬೇಕೆಂದೂ ತೀರ್ಮಾನಿಸುತ್ತಾರೆ. ಭಾನುವಾರ ಬೆಳಿಗ್ಗೆ ಅಲ್ಲಿ ಜಾಗಕ್ಕಾಗಿ ಕಾಯಬೇಕು. ಆ ಅರ್ಧ ಗಂಟೆಯಲ್ಲಿ ಪಕ್ಕದವನು ಯಾವ ಊರು, ಏನು ಓದುತ್ತಾನೆ, ಯಾವ ಕೊಠಡಿಯ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂಬುದೆಲ್ಲ ತಿಳಿಯುತ್ತದೆ.

ಸರಸ್ವತಿ ಪೂಜೆಯ ದಿನವನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ನವರಾತ್ರಿಯಲ್ಲಿ ಮೂಲಾ ನಕ್ಷತ್ರದ ದಿನ ಪುಸ್ತಕಗಳನ್ನು ಪೂಜೆಗೆ ಇಟ್ಟರೆ ವಿಜಯದಶಮಿಯವರೆಗೆ ಅವನ್ನು ತೆಗೆದು ಓದಬಾರದೆಂಬ ಸಂಪ್ರದಾಯ ಅನೇಕ ಮನೆಗಳಲ್ಲಿದೆ. ಓದುವುದು ದೋಷವಾಗುವ ದಿನಗಳನ್ನು ವಿದ್ಯಾದೇವತೆಯ ಹೆಸರಿನಲ್ಲಿಯೇ ಗೊತ್ತುಪಡಿಸಿದ ನಮ್ಮ ಪೂರ್ವಜರ ಹೃದಯವಂತಿಕೆಗೆ ವಿದ್ಯಾರ್ಥಿಲೋಕ ಎಂದಿಗೂ ಋಣಿ. “ನಿನ್ನದೂ ಒಂದು ಪುಸ್ತಕ ತಂದಿಡಪ್ಪ” ಎಂದು ಮನೆಯ ಅಮ್ಮನವರು ಕರೆದಾಗ, ಯಾವುದನ್ನು ಇಡಬೇಕೆಂದು ಅವನು ಯೋಚಿಸಬೇಕಾದುದೇ ಇಲ್ಲ. ಅತ್ಯಂತ ಕಠಿಣವಾದುದನ್ನೇ ಇಡುತ್ತಾನೆ. ಒಮ್ಮೊಮ್ಮೆ ಅದು ಗ್ರಂಥಾಲಯದ ಪುಸ್ತಕವಾಗಿದ್ದು, ದೇವಿಯ ಪಾದದಲ್ಲಿರುವಾಗಲೇ ಹಿಂದಿರುಗಿಸುವ ಗಡುವು ಮುಗಿದು ದಂಡ ಬೀಳುವುದೂ ಉಂಟು.

ಅದೇ ಮನೆಯ ನಡುಮನೆಯಲ್ಲಿ ಬೊಂಬೆಗಳ ಸಾಲು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಬೊಂಬೆಗಳು, ಕೆಳಗೆ ಶೆಟ್ಟಿಯ ಅಂಗಡಿ, ಮೂಲೆಯಲ್ಲಿ ರಾಗಿಯ ಪೈರು ಬೆಳೆಸಿ ಮಾಡಿದ ಉದ್ಯಾನ. ಸಂಜೆ ಬಂದ ಮಕ್ಕಳಿಗೆಲ್ಲ ಚರ್ಪು ಹಂಚುತ್ತಾರೆ. ಇಪ್ಪತ್ತೆರಡು ವರ್ಷದ ವಿದ್ಯಾರ್ಥಿಯೂ ಆ ಸಾಲಿನ ಕೊನೆಯಲ್ಲಿ ಸ್ವಲ್ಪ ಸಂಕೋಚದಿಂದ ಅಂಗೈ ಒಡ್ಡುತ್ತಾನೆ. ಪಟ್ಟದ ಬೊಂಬೆಗಳು ತಮ್ಮ ಮದುವೆಯಲ್ಲಿ ತವರಿನಿಂದ ಬಂದವೆಂದು ಹೇಳುತ್ತ ಅಮ್ಮನವರು, “ನಿನಗೆ ಯಾವಾಗಲೋ?” ಎಂದು ಕೇಳುತ್ತಾರೆ. ಕೊಠಡಿ ಕೊಡುವಾಗ ಆತಂಕಕ್ಕೆ ಕಾರಣವಾಗಿದ್ದ ಅವನ ಒಂಟಿತನ ಈಗ ಅವರಿಗೆ ಅನುಕಂಪದ ವಿಷಯವಾಗಿದೆ. ನಾಲ್ಕು ತಿಂಗಳಲ್ಲಿ ಇಷ್ಟು ದೂರ ಬಂದದ್ದು ಸಾಮಾನ್ಯವಲ್ಲ.

ಹಿಂದಿನ ಕಾಲದ ಬಡ ವಿದ್ಯಾರ್ಥಿಯ ವಾರಕ್ಕೆ ಬೇರೆಯೇ ಒಂದು ಕ್ರಮವಿತ್ತು. ಅದನ್ನು ವಾರಾನ್ನವೆಂದು ಕರೆಯುತ್ತಿದ್ದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಮತ್ತೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಊಟ ಮಾಡಿ ಓದಿದವರು ಮೈಸೂರಿನಲ್ಲಿಯೂ ನಾಡಿನ ಇತರ ಊರುಗಳಲ್ಲಿಯೂ ಅಸಂಖ್ಯಾತರು. ಯಾವ ಮನೆಯಲ್ಲಿ ತುಪ್ಪ ಧಾರಾಳ, ಯಾವ ಮನೆಯ ಮಜ್ಜಿಗೆಯಲ್ಲಿ ಮಜ್ಜಿಗೆಗಿಂತ ನೀರು ಹೆಚ್ಚು ಎಂಬುದನ್ನು ಹೇಳಿಕೊಂಡು ಅವರು ಮುಪ್ಪಿನಲ್ಲಿ ನಗುತ್ತಿದ್ದರು. ಆ ನಗೆಯ ಕೆಳಗೆ ನೋವೂ ಇರುತ್ತಿತ್ತು. ಗೊತ್ತಾದ ಮನೆಗೆ ಅತಿಥಿಗಳು ಬಂದರೆ ಹುಡುಗನಿಗೆ ಅಂದು ಉಪವಾಸ. ಒಂದು ದಿನದ ಮನೆ ತಪ್ಪಿದರೆ ವಾರಕ್ಕೊಂದು ದಿನ ಕಾಯಮ್ಮಾಗಿ ಉಪವಾಸ. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಎಲೆ ಹಾಕುವ ಮೊದಲು ಜಾತಿಯನ್ನು ಕೇಳುತ್ತಿದ್ದರು. ನಾಡಿನ ಬಹುಪಾಲು ಹುಡುಗರಿಗೆ ಆ ಏಳು ಮನೆಗಳಲ್ಲಿ ಒಂದರ ಬಾಗಿಲೂ ತೆರೆಯುತ್ತಿರಲಿಲ್ಲ. ಮಠಗಳೂ ಸಮುದಾಯಗಳೂ ವಿದ್ಯಾರ್ಥಿನಿಲಯಗಳನ್ನು ತೆರೆದುದರಿಂದ, ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದ 1970ರ ದಶಕದಲ್ಲಿ ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳು ಹೆಚ್ಚಿದುದರಿಂದ, ಹಳ್ಳಿಯ ಎಷ್ಟೋ ಮಕ್ಕಳು ಯಾರ ಹಂಗೂ ಇಲ್ಲದೆ ಉಂಡು ಓದುವಂತಾಯಿತು. ವಾರಾನ್ನ ಹೋದದ್ದು ಒಳ್ಳೆಯದೇ ಆಯಿತು. ಅದನ್ನು ಹಾಡಿ ಹೊಗಳುವವರ ಸಾಲಿಗೆ ನಾನು ಸೇರಿದವನಲ್ಲ.

ಆದರೂ ಆ ಪದ್ಧತಿಯಲ್ಲಿ ಅಡಗಿದ್ದ ಒಂದು ಸಂಗತಿಯನ್ನು ಮರೆಯಬಾರದು. ಮಂಗಳವಾರದ ಹುಡುಗ ಮಂಗಳವಾರ ಬಾರದೆ ಹೋದರೆ, ಒಲೆಯ ಮುಂದಿದ್ದ ತಾಯಿಯೊಬ್ಬಳು “ಇವತ್ತು ಹುಡುಗ ಏಕೆ ಬರಲಿಲ್ಲ?” ಎಂದು ಕೇಳುತ್ತಿದ್ದಳು. ಇಂದಿನ ಕೊಠಡಿವಾಸಿಯು ಬಾಡಿಗೆಯನ್ನು ಕೊಡುತ್ತಾನೆ, ಮೆಸ್ಸಿಗೆ ಮುಂಗಡ ಕಟ್ಟುತ್ತಾನೆ, ಯಾರಿಗೂ ತಲೆ ಬಾಗಿಸಬೇಕಾಗಿಲ್ಲ. ಅವನು ಎರಡು ದಿನ ಜ್ವರದಿಂದ ಬಾಗಿಲು ಹಾಕಿಕೊಂಡು ಮಲಗಿದರೆ ಅದು ಯಾರ ಗಮನಕ್ಕೂ ಬಾರದೆ ಹೋಗಬಹುದು. ಊರಿನಿಂದ ತಾಯಿ ದಿನಕ್ಕೆ ಮೂರು ಸಲ ಮೊಬೈಲಿನಲ್ಲಿ “ಊಟ ಆಯಿತೇನೋ?” ಎಂದು ಕೇಳುತ್ತಾಳೆ, “ಆಯಿತಮ್ಮ” ಎಂದು ಅವನು ಮೂರು ಸಲವೂ ಹೇಳುತ್ತಾನೆ. ಮಾತು ತಲುಪುತ್ತದೆ, ಬಾಡಿದ ಮುಖ ತಲುಪುವುದಿಲ್ಲ.

ಕುವೆಂಪು ಅವರ ವಿದ್ಯಾರ್ಥಿಜೀವನವನ್ನು ಇಲ್ಲಿ ನೆನೆಯಬೇಕು. 1920ರ ದಶಕದಲ್ಲಿ, ಮಲೆನಾಡಿನಿಂದ ಬಂದು ಇದೇ ಮೈಸೂರಿನಲ್ಲಿ ಕೊಠಡಿಯಲ್ಲಿದ್ದ ಆ ತರುಣನು ಕಾಯಿಲೆ ಬಿದ್ದಾಗ, ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ಅವರ ಆರೈಕೆಯ ಹೊಣೆ ಹೊತ್ತರು. ಮುಂದೆ ಆಶ್ರಮವೇ ಅವರಿಗೆ ಮನೆಯಾಯಿತು. ಸ್ವಾಮಿಗಳು ಅವರನ್ನು ಮೊದಲೇ ಬಲ್ಲವರಾಗಿದ್ದರು, ಕಂಡು ಮಾತನಾಡಿಸುತ್ತಿದ್ದರು. ಹಾಗೆ ಕಾಣುವ ಕಣ್ಣೊಂದು ಇದ್ದುದರಿಂದ ಕನ್ನಡ ನಾಡಿಗೆ ಏನು ಉಳಿಯಿತೆಂಬುದನ್ನು ವಿವರಿಸಬೇಕಾಗಿಲ್ಲ.

ಎಲ್ಲರಿಗೂ ಸ್ವಾಮಿಗಳು ದೊರೆಯುವುದಿಲ್ಲ. ದೋಸೆ ಹಾಕುವವರು ದೊರೆಯುತ್ತಾರೆ, ಬೊಂಬೆ ಕೂರಿಸುವವರು ದೊರೆಯುತ್ತಾರೆ. ಭಾನುವಾರದ ಸಾಲಿನಲ್ಲಿ ಕಾಣದ ಗೆಳೆಯನನ್ನು ವಿಚಾರಿಸಿಕೊಂಡು ಕೊಠಡಿಯ ಬಾಗಿಲು ತಟ್ಟುವವನು ಆ ಸಾಲಿನಲ್ಲಿಯೇ ಪರಿಚಯವಾದವನು. ಆದುದರಿಂದಲೇ ಮಗನು ಅಲೆಯುತ್ತಾನೆಂದು ಕೊರಗುವ ತಂದೆಗೆ ನಾನು ಹೇಳುವುದಿಷ್ಟು: ಅವನು ಅಲೆಯದೆ ಇದ್ದಾನೆಂದು ತಿಳಿದಾಗ ಚಿಂತೆಗೆ ತೊಡಗಿರಿ. ಈಗ ತಿಂಡಿಯೂ ಕೊಠಡಿಯ ಬಾಗಿಲಿಗೇ ಬರುತ್ತದೆ. ತಂದುಕೊಡುವ ಹುಡುಗನೂ ಎಷ್ಟೋ ವೇಳೆ ಇನ್ನೊಂದು ಕೊಠಡಿಯ ವಿದ್ಯಾರ್ಥಿಯೇ. ಇಬ್ಬರೂ ಪರಸ್ಪರ ಮುಖ ನೋಡದೆ ಪೊಟ್ಟಣವನ್ನು ಕೊಟ್ಟು ತೆಗೆದುಕೊಳ್ಳುತ್ತಾರೆ. ಇದು ಅನುಕೂಲವೆಂಬುದರಲ್ಲಿ ಸಂದೇಹವಿಲ್ಲ, ಆದರೆ ಮಳೆಯಲ್ಲಿ ನೆನೆದು ಬಂದವನಿಗೆ “ಒಳಗೆ ಬಾ, ಮಳೆ ನಿಲ್ಲಲಿ” ಎನ್ನಲು ಎಷ್ಟು ಹೊತ್ತು ಬೇಕು?

ವಿಜಯದಶಮಿ ಕಳೆದು ಬೊಂಬೆಗಳು ಪೆಟ್ಟಿಗೆ ಸೇರುತ್ತವೆ, ಆನೆಗಳು ಲಾರಿಯೇರಿ ಕಾಡಿಗೆ ಹೊರಡುತ್ತವೆ, ಪುಸ್ತಕವು ಅರಿಶಿನ ಕುಂಕುಮಗಳೊಡನೆ ಕೊಠಡಿಗೆ ಹಿಂದಿರುಗುತ್ತದೆ. ಅಮ್ಮನವರು ಸಜ್ಜಿಗೆ ತುಂಬಿಸಿ ಕೊಟ್ಟಿದ್ದ ಸ್ಟೀಲಿನ ಡಬ್ಬಿಯೊಂದು ಮಾತ್ರ ಕಿಟಕಿಯಲ್ಲಿ ಉಳಿದಿರುತ್ತದೆ. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಅವನ ತಾಯಿ ಹೇಳಿಕೊಟ್ಟಿದ್ದಾಳೆ. ಕೊಠಡಿಯಲ್ಲಿರುವುದು ಒಂದು ಪೊಟ್ಟಣ ಅವಲಕ್ಕಿ, ಅರ್ಧ ಸೋಪು, ಕಾಫಿಗೆಂದು ತಂದಿಟ್ಟ ಸಕ್ಕರೆ. ಎರಡು ದಿನ ಯೋಚಿಸಿ, ಮೂರನೆಯ ದಿನ ಒಂದು ಹಿಡಿ ಸಕ್ಕರೆಯನ್ನು ಡಬ್ಬಿಗೆ ಹಾಕಿ ಅವನು ಮನೆಯ ಬಾಗಿಲು ತಟ್ಟುತ್ತಾನೆ. ಮುಚ್ಚಳ ತೆಗೆದು ನೋಡಿದ ಅಮ್ಮನವರು ನಗುತ್ತ ಒಳಗೆ ಹೋಗುತ್ತಾರೆ. ಮರುದಿನ ಅದೇ ಡಬ್ಬಿ ಚಕ್ಕುಲಿ ತುಂಬಿಕೊಂಡು ಮತ್ತೆ ಕೊಠಡಿಗೆ ಬರುತ್ತದೆ.