ಕೂಲಿ ಕದ್ದವರಿಗೆ ವೀಸಾ ನಿಯಮದ ಕಾವಲು

ಆಸ್ಟ್ರೇಲಿಯಾಕ್ಕೆ ಓದಲು ಹೊರಟವರ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವ ಲೆಕ್ಕಾಚಾರ ಇಷ್ಟೆ: ಶುಲ್ಕಕ್ಕೆ ಬ್ಯಾಂಕ್ ಸಾಲ, ಊಟ ಮತ್ತು ಬಾಡಿಗೆಗೆ ಪಾರ್ಟ್‌ಟೈಮ್ ಕೆಲಸ. ಅಲ್ಲಿನ ಕಾನೂನನ್ನಷ್ಟೇ ನೋಡಿದರೆ ಈ ಲೆಕ್ಕದಲ್ಲಿ ತಪ್ಪಿಲ್ಲ. ತರಗತಿಗಳು ನಡೆಯುವ ಅವಧಿಯಲ್ಲಿ ವಿದ್ಯಾರ್ಥಿ ವೀಸಾ ಹೊಂದಿದವರು ಎರಡು ವಾರಕ್ಕೆ 48 ಗಂಟೆ ದುಡಿಯಬಹುದು. ರಜೆಯಲ್ಲಿ ಈ ಮಿತಿ ಇಲ್ಲ. 2025ರ ಜುಲೈ 1ರಿಂದ ಜಾರಿಗೆ ಬಂದ ಕನಿಷ್ಠ ವೇತನ ಗಂಟೆಗೆ 24.95 ಆಸ್ಟ್ರೇಲಿಯನ್ ಡಾಲರ್. ಹೋಟೆಲು, ಅಂಗಡಿಗಳಲ್ಲಿ ವಿದ್ಯಾರ್ಥಿಗಳಿಗೆ ಸಿಗುವುದು ಹೆಚ್ಚಾಗಿ ಸಂಬಳ ಸಹಿತ ರಜೆಯೂ ಭದ್ರತೆಯೂ ಇಲ್ಲದ ‘ಕ್ಯಾಶುವಲ್’ ಕೆಲಸ. ಅದಕ್ಕೆ ಶೇ 25ರಷ್ಟು ಹೆಚ್ಚುವರಿ ಸೇರಿಸಬೇಕಾದ್ದರಿಂದ ದರ ಗಂಟೆಗೆ 31 ಡಾಲರ್ ದಾಟುತ್ತದೆ. ಇನ್ನು ವೀಸಾ ಅರ್ಜಿಯಲ್ಲಿ ಒಬ್ಬರ ವರ್ಷದ ಜೀವನ ವೆಚ್ಚಕ್ಕೆಂದು ಸರ್ಕಾರ ನಿಗದಿ ಮಾಡಿರುವ ಮೊತ್ತ 29,710 ಡಾಲರ್. ವಾರಕ್ಕೆ ಸುಮಾರು 571. ತೆರಿಗೆಯನ್ನು ಬದಿಗಿಟ್ಟು ನೋಡಿದರೆ, ವಾರಕ್ಕೆ 19 ಗಂಟೆಯ ದುಡಿಮೆಯಲ್ಲಿ ಹೊಟ್ಟೆಬಟ್ಟೆ, ಬಾಡಿಗೆ ನಿಭಾಯಿಸಬಹುದು. ಹೀಗಿದ್ದೂ ಗಂಟೆಗಳ ಮಿತಿ ಮೀರಿ ದುಡಿದು, ಸಿಕ್ಕಿಬೀಳುವ ಭಯದಲ್ಲಿ ದಿನ ದೂಡುವ ವಿದ್ಯಾರ್ಥಿಗಳಿದ್ದಾರೆ. ಅವರನ್ನು ಅಲ್ಲಿಗೆ ತಳ್ಳುವುದು ದುರಾಸೆಯಲ್ಲ. ಕಾನೂನು ಹೇಳುವ ಕೂಲಿ ಅವರ ಕೈಗೆ ಬರುವುದಿಲ್ಲ ಎಂಬುದೇ ಮುಖ್ಯ ಕಾರಣ.

ಇದು ಬರೀ ಗುಮಾನಿಯಲ್ಲ. ಸಿಡ್ನಿಯ ಕಾನೂನು ವಿದ್ವಾಂಸರಾದ ಲಾರಿ ಬರ್ಗ್ ಮತ್ತು ಬಸೀನಾ ಫಾರ್ಬೆನ್‌ಬ್ಲಮ್ 2019ರಲ್ಲಿ ಐದು ಸಾವಿರಕ್ಕೂ ಹೆಚ್ಚು ವಿದೇಶಿ ವಿದ್ಯಾರ್ಥಿಗಳ ಸಮೀಕ್ಷೆ ನಡೆಸಿ, ಮರುವರ್ಷ ವರದಿ ಪ್ರಕಟಿಸಿದರು. ಅದರ ಪ್ರಕಾರ, ಶೇ 77ರಷ್ಟು ಮಂದಿಗೆ ಕ್ಯಾಶುವಲ್ ಕೆಲಸದ ಕನಿಷ್ಠ ದರಕ್ಕಿಂತ ಕಡಿಮೆ ಸಿಗುತ್ತಿತ್ತು. ಸುಮಾರು ಕಾಲು ಭಾಗದಷ್ಟು ಮಂದಿಯ ಗಳಿಕೆ ಗಂಟೆಗೆ 12 ಡಾಲರ್ ಅಥವಾ ಅದಕ್ಕೂ ಕಡಿಮೆ. ಆಗಿನ ದರಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕಿ ನೋಡಿ. ಕನಿಷ್ಠ ಕ್ಯಾಶುವಲ್ ದರ 24.36 ಡಾಲರ್, ಸರ್ಕಾರ ಕೇಳುತ್ತಿದ್ದ ವರ್ಷದ ಜೀವನ ವೆಚ್ಚ 21,041 ಡಾಲರ್, ದುಡಿಮೆಯ ಮಿತಿ ಎರಡು ವಾರಕ್ಕೆ 40 ಗಂಟೆ. ನ್ಯಾಯವಾದ ಕೂಲಿ ಸಿಕ್ಕರೆ ಆ ವೆಚ್ಚಕ್ಕೆ ವಾರದಲ್ಲಿ 17 ಗಂಟೆ ದುಡಿದರೆ ಸಾಕಿತ್ತು. 12 ಡಾಲರ್ ಕೊಡುವ ಕಡೆ 34 ಗಂಟೆ ದುಡಿಯಬೇಕಿತ್ತು. ಮೊದಲನೆಯದು ಮಿತಿಯೊಳಗಿದೆ, ಎರಡನೆಯದು ಮಿತಿಯ ಆಚೆಗಿದೆ. ಅಂದರೆ, ವಿದ್ಯಾರ್ಥಿಯ ತಲೆಗೆ ಕಟ್ಟುವ ‘ವೀಸಾ ಷರತ್ತಿನ ಉಲ್ಲಂಘನೆ’ ಎಂಬ ಅಪರಾಧ ಎಷ್ಟೋ ಸಲ ಮಾಲೀಕ ಕದ್ದ ಕೂಲಿಯಿಂದಲೇ ಹುಟ್ಟಿದ್ದು.

ಒಮ್ಮೆ ಮಿತಿ ದಾಟಿದವರ ಜುಟ್ಟು ಮಾಲೀಕನ ಕೈಗೆ ಸಿಕ್ಕಂತೆ. 2015ರ ಆಗಸ್ಟ್‌ನಲ್ಲಿ ಎಬಿಸಿ ವಾಹಿನಿಯ ‘ಫೋರ್ ಕಾರ್ನರ್ಸ್’ ಕಾರ್ಯಕ್ರಮ ಮತ್ತು ಫೇರ್‌ಫ್ಯಾಕ್ಸ್ ಪತ್ರಿಕೆಗಳು ಬಯಲಿಗೆಳೆದ ಸೆವೆನ್-ಇಲೆವೆನ್ ಅಂಗಡಿ ಸರಣಿಯ ಹಗರಣ ಈ ವ್ಯವಹಾರದ ಒಳಸುಳಿಗಳನ್ನು ತೋರಿಸಿಕೊಟ್ಟಿತು. ಆ ಸರಣಿಯ ಹಲವು ಫ್ರಾಂಚೈಸಿ ಮಳಿಗೆಗಳಲ್ಲಿ ವಿದ್ಯಾರ್ಥಿ ವಾರಕ್ಕೆ 40 ಗಂಟೆ ದುಡಿದರೆ ಪುಸ್ತಕದಲ್ಲಿ ಬರೆಯುತ್ತಿದ್ದುದು 20 ಗಂಟೆ ಮಾತ್ರ. ಕಾಗದದ ಮೇಲೆ ದರವೂ ಸರಿ, ವೀಸಾ ಮಿತಿಯೂ ಸರಿ. ನಿಜದಲ್ಲಿ ಸಿಕ್ಕಿದ್ದು ಅರ್ಧ ಕೂಲಿ. ದಾಖಲೆಗಳ ತಪಾಸಣೆ ಬಿಗಿಯಾದ ಮೇಲೆ ಕೆಲವರು ದಾರಿ ಬದಲಿಸಿದರು. ಪೂರ್ತಿ ಸಂಬಳ ಬ್ಯಾಂಕ್ ಖಾತೆಗೆ ಬರುತ್ತಿತ್ತು. ಅದರಲ್ಲೊಂದು ಪಾಲನ್ನು ವಿದ್ಯಾರ್ಥಿ ನಗದಾಗಿ ಮಾಲೀಕನಿಗೆ ಮರಳಿಸಬೇಕಿತ್ತು. ದೂರು ಕೊಡುತ್ತೇನೆ ಎಂದವರಿಗೆ ಸಿಗುತ್ತಿದ್ದ ಉತ್ತರ ಒಂದೇ: ‘ಮಿತಿ ಮೀರಿದ್ದು ನೀನು, ವೀಸಾ ಹೋಗುವುದು ನಿನ್ನದು’. ಕಂಪನಿ ಕೊನೆಗೆ 15 ಕೋಟಿ ಡಾಲರಿಗೂ ಹೆಚ್ಚು ಬಾಕಿಯನ್ನು ಕಾರ್ಮಿಕರಿಗೆ ಪಾವತಿಸಬೇಕಾಯಿತು. ಓದಿಗೆ ಅಡ್ಡಿಯಾಗದಿರಲಿ ಎಂದು ಮಾಡಿದ ನಿಯಮವೇ ಕೂಲಿ ಕದಿಯುವವನ ಕೈಯಲ್ಲಿ ಬೆದರಿಕೆಯ ಅಸ್ತ್ರವಾಗಿತ್ತು.

ಹಾಗಾದರೆ ಮಿತಿಯನ್ನೇ ತೆಗೆದುಹಾಕಿದರಾಯಿತಲ್ಲ ಎಂಬ ವಾದವಿದೆ. ಆ ಪ್ರಯೋಗವೂ ನಡೆದಿದೆ. ಕೋವಿಡ್ ನಂತರ ಕೆಲಸಗಾರರ ಕೊರತೆ ಎದುರಾದಾಗ, 2022ರ ಜನವರಿಯಿಂದ 2023ರ ಜೂನ್ 30ರವರೆಗೆ ಆಸ್ಟ್ರೇಲಿಯಾ ಈ ಮಿತಿಯನ್ನು ಸಡಿಲಿಸಿತ್ತು. ಆಗ ಓದಿನ ನೆಪದಲ್ಲಿ ದುಡಿಮೆಗಾಗಿಯೇ ಬರುವವರಿಗೆ ದಾರಿ ತೆರೆಯಿತು. ವಿಶ್ವವಿದ್ಯಾಲಯಕ್ಕೆಂದು ಬಂದು ಅಗ್ಗದ ವೃತ್ತಿಶಿಕ್ಷಣ ಕಾಲೇಜುಗಳಿಗೆ ಜಾರಿಕೊಳ್ಳುವುದೂ ಹೆಚ್ಚಿತು. ಆದ್ದರಿಂದ ಮಿತಿ ಬೇಕು. ಅದನ್ನು ಮೀರಿಸಿದ ಮಾಲೀಕ ಮೊದಲು ಉತ್ತರ ಕೊಡುವಂತಾಗಬೇಕು. ‘ಕಡಿಮೆ ಕೂಲಿಗೆ ಒಪ್ಪಿಕೊಂಡವರು ವಿದ್ಯಾರ್ಥಿಗಳೇ ಅಲ್ಲವೇ’ ಎಂಬುದು ಇನ್ನೊಂದು ಆಕ್ಷೇಪ. ಸ್ಥಳೀಯ ಅನುಭವವಿಲ್ಲದ, ಬಾಡಿಗೆಯ ಗಡುವು ತಲೆಯ ಮೇಲಿರುವ ಹೊಸಬರ ಒಪ್ಪಿಗೆಗೆ ಏನು ಬೆಲೆ? ಅಂಥ ಒಪ್ಪಿಗೆ ನಡೆಯಬಾರದು ಎಂದೇ ಕನಿಷ್ಠ ವೇತನವನ್ನು ಕಾನೂನು ಮಾಡಿದ್ದು. ‘29,710 ಡಾಲರ್ ಇದೆ ಎಂದು ತೋರಿಸಿ ಬಂದವರಿಗೆ ಕೆಲಸದ ದರ್ದೇನು’ ಎಂದು ಕೇಳುವವರೂ ಇದ್ದಾರೆ. ಸಾಲ ತಂದು ತೋರಿಸಿದ ಹಣಕ್ಕೆ ಬಡ್ಡಿಯಿದೆ ಎಂಬುದನ್ನು ಅವರು ಮರೆಯುತ್ತಾರೆ. ದರ್ದು ಇರಲಿ, ಬಿಡಲಿ, ದುಡಿಸಿಕೊಂಡ ಮೇಲೆ ಕೂಲಿ ಕೊಡಲೇಬೇಕು.

ಆಸ್ಟ್ರೇಲಿಯಾ ಕಣ್ಣು ಮುಚ್ಚಿ ಕುಳಿತಿಲ್ಲ. ವಲಸಿಗರನ್ನು ವೀಸಾ ಷರತ್ತು ಮೀರುವಂತೆ ಬಲವಂತ ಮಾಡುವುದು 2024ರ ಜುಲೈ 1ರಿಂದ ಅಪರಾಧ. ಶೋಷಣೆಯ ವಿರುದ್ಧ ದೂರು ಕೊಟ್ಟವರ ವೀಸಾಕ್ಕೆ ರಕ್ಷಣೆ ನೀಡುವ ವ್ಯವಸ್ಥೆಯೂ ಅದರ ಜೊತೆಗೇ ಬಂತು. ಉದ್ದೇಶಪೂರ್ವಕವಾಗಿ ಕಡಿಮೆ ಕೂಲಿ ಕೊಡುವುದು 2025ರ ಜನವರಿ 1ರಿಂದ ಕ್ರಿಮಿನಲ್ ಅಪರಾಧ. ಇವು ಸರಿಯಾದ ದಿಕ್ಕಿನ ಹೆಜ್ಜೆಗಳು. ಆದರೆ ದೂರಿನ ಭಾರ ಈಗಲೂ ಬಹುಮಟ್ಟಿಗೆ ವಿದ್ಯಾರ್ಥಿಯ ಹೆಗಲ ಮೇಲೆಯೇ ಇದೆ. ನಗದು ಕೂಲಿಗೆ ಪುರಾವೆ ಇರುವುದಿಲ್ಲ. ಎರಡು ವರ್ಷದ ಕೋರ್ಸ್ ಮುಗಿಸಿ ಹೊರಡುವವರಿಗೆ ಕಾನೂನು ಹೋರಾಟಕ್ಕೆ ಪುರುಸೊತ್ತೂ ಇರುವುದಿಲ್ಲ. ವಿದ್ಯಾರ್ಥಿಗಳು ಹೆಚ್ಚಾಗಿ ದುಡಿಯುವ ಕಡೆಗಳಿಗೆ ತನಿಖಾಧಿಕಾರಿಗಳು ದೂರಿಗೆ ಕಾಯದೆ ಹೋಗಬೇಕು. ಇವರ ಶುಲ್ಕದಿಂದ ದೊಡ್ಡ ಆದಾಯ ಪಡೆಯುವ ವಿಶ್ವವಿದ್ಯಾಲಯಗಳು ಕೂಲಿ ವಸೂಲಿಗೆ ನೆರವಾಗುವ ಕೇಂದ್ರಗಳನ್ನು ತಮ್ಮ ಆವರಣದಲ್ಲೇ ತೆರೆಯಬೇಕು.

ಕರ್ನಾಟಕದಲ್ಲಿ ಮಾಡಬೇಕಾದದ್ದೂ ಇದೆ. ವಿದೇಶಿ ವಿಶ್ವವಿದ್ಯಾಲಯಗಳಿಂದ ಕಮಿಷನ್ ಪಡೆಯುವ ಏಜೆಂಟರು ಪಾರ್ಟ್‌ಟೈಮ್ ಗಳಿಕೆಯ ಆಸೆ ತೋರಿಸಿದರೆ, ಆ ಮಾತನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಸಾಲದ ಕಂತು ಲೆಕ್ಕ ಹಾಕುವಾಗ ಆ ಗಳಿಕೆಯನ್ನು ಸೊನ್ನೆ ಎಂದೇ ಇಟ್ಟುಕೊಳ್ಳಿ, ಬಂದದ್ದು ಕೈಖರ್ಚಿಗಾಗಲಿ. ಮೆಲ್ಬರ್ನ್, ಸಿಡ್ನಿಯ ಕನ್ನಡ ಸಂಘಗಳು ಹೊಸದಾಗಿ ಬಂದ ಮಕ್ಕಳಿಗೆ ಕೂಲಿ ಕಾನೂನಿನ ಪಾಠವನ್ನೂ ಹೇಳಿಕೊಡಲಿ. ಹೊರಟು ನಿಂತ ವಿದ್ಯಾರ್ಥಿಗಳಿಗೆ ಹೇಳಬೇಕಾದದ್ದು ಇಷ್ಟೆ: ಪೇ ಸ್ಲಿಪ್ ಕೊಡದ ಕಡೆ ಕೆಲಸಕ್ಕೆ ನಿಲ್ಲಬೇಡಿ, ದುಡಿದ ಗಂಟೆಗಳನ್ನು ಅಂದಂದೇ ಬರೆದಿಟ್ಟುಕೊಳ್ಳಿ, ಮೋಸವಾದರೆ ಫೇರ್ ವರ್ಕ್ ಓಂಬುಡ್ಸ್‌ಮನ್ ಕಚೇರಿಯನ್ನು ಸಂಪರ್ಕಿಸಿ. ಅಲ್ಲಿ ನೆರವು ಉಚಿತ. ಆ ನೆಲದಲ್ಲಿ ದುಡಿಯುವ ಯಾವುದೇ ಕಾರ್ಮಿಕನಿಗೆ ಇರುವ ಕನಿಷ್ಠ ವೇತನದ ಹಕ್ಕು ವಿದ್ಯಾರ್ಥಿ ವೀಸಾದಲ್ಲಿ ಹೋದ ನಿಮಗೂ ಅಷ್ಟೇ ಇದೆ.